ಕಾಂತಪ್ಪನ ನಾಲ್ಕನೆಯ ಕಾಲಂ

ಮಾಟುಂಗ ಸ್ಟೇಷನ್ ಹತ್ತಿರದ ಉಡುಪಿ ಹೋಟೆಲಿನಲ್ಲಿ ದೋಸೆ ಹೊಯ್ಯುವ ಕಾಂತಪ್ಪ ಪುಕ್ಕಲ ಎಂದರೆ ಯಾರೂ ನಂಬುತ್ತಿರಲಿಲ್ಲ. ಆರಡಿ ಆಳು. ಗಲಾಟೆ ಮಾಡುವ ಗಿರಾಕಿಯ ಎದುರು ಸಟ್ಟುಗ ಹಿಡಿದುಕೊಂಡು ಸುಮ್ಮನೆ ಬಂದು ನಿಂತರೆ ಸಾಕು, ಅವನು ಬಾಯಿ ಮುಚ್ಚಿಕೊಂಡು ಬಿಲ್ ಕೊಟ್ಟು ಹೋಗುತ್ತಿದ್ದ. ಇಂಥ ಕಾಂತಪ್ಪ ಮನೆಯಲ್ಲಿ ಹನ್ನೊಂದು ವರ್ಷದ ಮಗಳು ಸೇವಂತಿ ಒಮ್ಮೆ ಕೆಮ್ಮಿದರೆ ನಡುಗಿಬಿಡುತ್ತಿದ್ದ. ನಡುಕ ನಿಲ್ಲಲಿ ಎಂದು ಧಾರಾವಿ ಕಡೆಯ ಅಡ್ಡೆಗೆ ಹೋಗಿ ಕುಡಿಯುತ್ತಿದ್ದ. ಕುಡಿದ ಮೇಲೆ ಇನ್ನಷ್ಟು ಹೆದರುತ್ತಿದ್ದ.

ಕಾರಣವಿತ್ತು. ಸಾವಿರದ ಒಂಬೈನೂರ ಎಂಬತ್ತೈದರ ಬೇಸಗೆಯಲ್ಲಿ ಅತ್ತೆ ದೇವಕ್ಕ ಊರಿನ ದೈವದ ಗಂಧಪ್ರಸಾದವನ್ನು ಬಾಳೆಲೆಯಲ್ಲಿ ಕಟ್ಟಿಕೊಂಡು ಉಡುಪಿಯಿಂದ ಬಂದಿದ್ದರು. ಅಳಿಯನ ಕುಡಿತದ ಸುದ್ದಿ ಅಲ್ಲಿಯವರೆಗೆ ಮುಟ್ಟಿತ್ತು. ಸಯನ್‌ನ ಚಾಳಿನ ಆ ಒಂದೇ ಕೋಣೆಯಲ್ಲಿ ದೀಪ ಹಚ್ಚಿ, ಏಳು ವರ್ಷದ ಸೇವಂತಿಯನ್ನು ಮಣೆಯ ಮೇಲೆ ಕೂರಿಸಿ, ಅವಳ ತಲೆಯ ಮೇಲೆ ಕಾಂತಪ್ಪನ ಕೈ ಇಡಿಸಿ, ತುಳುವಿನಲ್ಲಿ ಆಣೆ ಹಾಕಿಸಿದರು: ಇನ್ನು ಕುಡಿದರೆ ಈ ಮಗು ನನಗಿಲ್ಲ. ಮಗುವಿಗೆ ಅರ್ಥವಾಗುವ ಭಯವಿರಲಿಲ್ಲ. ಸೇವಂತಿಗೆ ಬರುತ್ತಿದ್ದದ್ದು ಶಾಲೆಯ ಕನ್ನಡ, ಚಾಳಿನ ಹಿಂದಿ. ತುಳುವಿನಲ್ಲಿ ಏನು ಕೇಳಿದರೂ ಹಿಂದಿಯಲ್ಲಿ ಉತ್ತರ ಕೊಡುವ ಹುಡುಗಿ. ಮುಚ್ಚಿಡುವ ಮಾತು ಬಂದಾಗಲೆಲ್ಲ ಗಂಡ ಹೆಂಡತಿ ಅವಳ ಎದುರೇ ತುಳುವಿಗೆ ತಿರುಗುತ್ತಿದ್ದರು. ಅಂದು ಏನು ಮಾಡಿದ್ದು ಎಂದು ಅವಳು ಕೇಳಿದಾಗ, ಆಶೀರ್ವಾದ ಅಂದರು ಅಜ್ಜಿ.

ಹನ್ನೆರಡನೆಯ ದಿನ ಕಾಂತಪ್ಪ ಕುಡಿದ.

ಅಲ್ಲಿಂದಾಚೆ ನಾಲ್ಕು ವರ್ಷ ಅವನು ಮಗಳ ತಲೆ ಮುಟ್ಟಲಿಲ್ಲ. ಅವಳು ಬೆಳಗ್ಗೆ ಏಳುವುದು ಹತ್ತು ನಿಮಿಷ ತಡವಾದರೆ ಮೂಗಿನ ಹತ್ತಿರ ಬೆರಳು ಹಿಡಿದು ಉಸಿರು ನೋಡುತ್ತಿದ್ದ. ಹೆಂಡತಿ ಚಂಪಾಳಿಗೂ ಇದೇ ಹೆದರಿಕೆ. ಆದರೆ ಬಾಯಿಬಿಟ್ಟು ಆಡಿದರೆ ಎಲ್ಲಿ ನಿಜವಾಗಿಬಿಡುತ್ತದೋ ಎಂದು ಇಬ್ಬರೂ ಆ ಮಾತು ಎತ್ತುತ್ತಿರಲಿಲ್ಲ.

ಎಂಬತ್ತೊಂಬತ್ತರಲ್ಲಿ ಒಂದು ಬೆಳಗ್ಗೆ, ಹಿಂದಿನ ದಿನದ ಅಮಲು ಇಳಿಯದೆ ಕೆಲಸಕ್ಕೆ ಹೋಗಿ, ಜೋಲಿ ತಪ್ಪಿ ಕಾದ ಕಾವಲಿಯ ಮೇಲೆ ಅಂಗೈ ಊರಿದ. ಆಸ್ಪತ್ರೆಯಲ್ಲಿ ಪಟ್ಟಿ ಕಟ್ಟಿದ ಡಾಕ್ಟರು ಒಂದು ಚೀಟಿ ಬರೆದುಕೊಟ್ಟರು. ಪ್ರತಿ ಶನಿವಾರ ಮಧ್ಯಾಹ್ನ ಮೂರಕ್ಕೆ, ಕನ್ನಡ ಸಂಘದ ಮಾಳಿಗೆಯ ಕೋಣೆಯಲ್ಲಿ, ಕುಡಿತ ಬಿಡಬೇಕೆನ್ನುವವರ ಕೂಟ. ಮೈಸೂರು ಕಡೆಯ ಪಂಕಜಾ ಎನ್ನುವವರು ನಡೆಸುತ್ತಿದ್ದರು. ಅವರು ಇದನ್ನೇ ಓದಿ ಬಂದವರು.

ಕಾಂತಪ್ಪ ಒಂದು ತೆಂಗಿನಕಾಯಿ, ಊದುಕಡ್ಡಿ ಹಿಡಿದುಕೊಂಡು ಹೋದ. ಕೋಣೆಯಲ್ಲಿ ಒಂಬತ್ತು ಕುರ್ಚಿ, ಒಂದು ಕರಿಹಲಗೆ, ಚಹಾದ ಕೆಟಲು. ದೇವರ ಪಟವೇ ಇಲ್ಲ.

“ಇದನ್ನು ಎಲ್ಲಿ ಇಡುವುದು ಅಮ್ಮಾ?” ಎಂದ.

“ಮನೆಗೆ ತಗೊಂಡ್ಹೋಗಿ, ಚಟ್ನಿಗಾಗತ್ತೆ,” ಎಂದರು ಪಂಕಜಾ. “ಇಲ್ಲಿ ಪೂಜೆ ಇಲ್ಲ, ಆಣೆ ಇಲ್ಲ. ದೇವರನ್ನ ನಂಬೋರು ನಂಬ್ಕೊಳ್ಳಿ, ಬೇಡ ಅನ್ನಲ್ಲ. ಆದರೆ ಇಲ್ಲಿ ನಾವು ಮಾಡೋದು ಇಷ್ಟೇ. ಏನಾಯ್ತು ಅಂತ ನೋಡೋದು, ಬರಿಯೋದು, ಬರೆದದ್ದನ್ನ ಇನ್ನೊಂದ್ಸಲ ನೋಡೋದು.”

ಸಮಾಧಾನವಾಗುವ ಬದಲು ಅವನಿಗೆ ಹೆದರಿಕೆ ಹೆಚ್ಚಿತು. ಇದು ಮೊದಲ ದಿನದ ಮಾತು, ಕೊನೆಗೊಮ್ಮೆ ಆಣೆ ಕೇಳಿಯೇ ಕೇಳುತ್ತಾರೆ, ಆಗ ಏನು ಹೇಳುವುದು? ಮುರಿದ ಆಣೆಯ ಮೇಲೆ ಇನ್ನೊಂದು ಆಣೆ ಹಾಕಿದರೆ ಉಳಿಗಾಲವುಂಟೇ? ಬಾಗಿಲ ಪಕ್ಕದ ಕುರ್ಚಿ ಹಿಡಿದ. ಕೇಳಿದ ಕೂಡಲೇ ಎದ್ದು ಓಡಬಹುದೆಂಬ ಲೆಕ್ಕಾಚಾರ. ಎರಡು ತಿಂಗಳು ಅದೇ ಕುರ್ಚಿಯಲ್ಲಿ ಕುಳಿತ. ಯಾರೂ ಕೇಳಲಿಲ್ಲ.

ಬರೆಯುವುದಕ್ಕೆ ಮೂರು ಕಾಲಂ. ತಾರೀಕು ಒಂದು, ಕುಡಿದೆಯೋ ಇಲ್ಲವೋ ಎರಡು, ಅದಕ್ಕೆ ಮುಂಚೆ ಏನಾಯಿತು ಮೂರು. ಹೋಟೆಲಿನ ಹಳೆಯ ಆರ್ಡರ್ ಚೀಟಿಗಳ ಬೆನ್ನಿಗೆ ಕಾಂತಪ್ಪ ದಿನವೂ ಬರೆದ. ಯಾರಿಗೂ ಹೇಳದೆ ಪಕ್ಕದಲ್ಲಿ ಇನ್ನೊಂದು ಗೆರೆ ಎಳೆದು ನಾಲ್ಕನೆಯದೊಂದನ್ನು ಮಾಡಿಕೊಂಡ. ಅದರ ನೆತ್ತಿಯಲ್ಲಿ ‘ಸೇವಂತಿ’ ಎಂದು ಬರೆದ. ಕೆಳಗೆ ದಿನಕ್ಕೊಂದು ಮಾತು. ಚೆನ್ನಾಗಿದ್ದಾಳೆ. ಕೆಮ್ಮು. ಚೆನ್ನಾಗಿದ್ದಾಳೆ. ಊಟ ಬಿಟ್ಟಳು. ಜ್ವರ.

ಹತ್ತನೆಯ ವಾರ ಹಿರಿಯಣ್ಣನವರ ಕಣ್ಣಿಗೆ ಅದು ಬಿತ್ತು. ಬೆಂಗಳೂರಿನ ಹಿರಿಯಣ್ಣ ಬ್ಯಾಂಕಿನಿಂದ ನಿವೃತ್ತರಾದವರು, ಕುಡಿತ ಬಿಟ್ಟು ಆರು ವರ್ಷವಾದರೂ ಕೂಟಕ್ಕೆ ತಪ್ಪಿಸಿದವರಲ್ಲ.

“ಇದೇನ್ರೀ, ಮಗು ಹೆಸರು ಇಲ್ಯಾಕೆ?”

ಕಾಂತಪ್ಪ ಬಾಗಿಲ ಕಡೆ ನೋಡಿದ. ಎದ್ದೂ ಎದ್ದ. ಆದರೆ ಬಾಗಿಲು ದಾಟಲಿಲ್ಲ. ಮತ್ತೆ ಕುಳಿತು, ಅಷ್ಟು ದೊಡ್ಡ ಆಳು ಮುಖ ಮುಚ್ಚಿಕೊಂಡು ಎಲ್ಲವನ್ನೂ ಹೇಳಿದ. “ಅವಳಿಗೆ ಎಂತಾದ್ರೂ ಆದ್ರೆ ಕೊಂದದ್ದು ನಾನೇ ಮಾರಾಯ್ರೆ,” ಎಂದ. ಕೋಣೆಯಲ್ಲಿ ಯಾರೂ ನಗಲಿಲ್ಲ. ಅಂಥ ಆಣೆಗಳು ಅಲ್ಲಿದ್ದ ಸುಮಾರು ಜನರ ಮನೆಯಲ್ಲಿದ್ದವು.

ಪಂಕಜಾ ಅವನ ಚೀಟಿಗಳನ್ನು ಮೇಜಿನ ಮೇಲೆ ಸಾಲಾಗಿ ಹರಡಿದರು. ಎಲ್ಲರೂ ಬಗ್ಗಿ ನೋಡಿದರು. ಹತ್ತು ವಾರದಲ್ಲಿ ಕುಡಿದದ್ದು ಏಳು ದಿನ. ಆ ಏಳೂ ಸಲ ಮರುದಿನ ಸೇವಂತಿ ಶಾಲೆಗೆ ಹೋಗಿದ್ದಳು. ಜ್ವರ ಬಂದದ್ದು ಒಂದೇ ಸಲ, ಅಪ್ಪ ಹದಿಮೂರು ದಿನ ಹನಿ ಮುಟ್ಟದೆ ಇದ್ದಾಗ. ಜ್ವರ ನೋಡಿ ಹೆದರಿ ಹದಿನಾಲ್ಕನೆಯ ದಿನ ಅವನು ಅಡ್ಡೆಗೆ ಹೋಗಿದ್ದ. ಕುಡಿದ ಉಳಿದ ದಿನಗಳ ಹಿಂದೆಯೂ ಅವಳ ಕೆಮ್ಮೋ, ಊಟ ಬಿಟ್ಟದ್ದೋ ಇತ್ತು.

“ದೈವದ ವಿಷಯ ಈ ಚೀಟಿಯಿಂದ ನಂಗೇನೂ ಗೊತ್ತಾಗಲ್ಲ,” ಎಂದರು ಪಂಕಜಾ. “ನಿಮ್ಮ ವಿಷಯ ಗೊತ್ತಾಗತ್ತೆ. ನೀವು ಕುಡಿದ್ರೆ ಅವಳಿಗೆ ಕಾಯಿಲೆ ಬರ್ತಿಲ್ಲ. ಅವಳು ಕೆಮ್ಮಿದ್ರೆ ನೀವು ಕುಡೀತಿದ್ದೀರಿ.”

ಹಿರಿಯಣ್ಣ ಮಾತ್ರ ಬೇರೆ ಪ್ರಶ್ನೆ ಕೇಳಿದರು. “ಆಣೆ ಇಡುವಾಗ ಮಗು ಅಲ್ಲೇ ಕೂತಿತ್ತಲ್ಲ, ಅದಕ್ಕೆ ಗೊತ್ತಾ?”

“ಇಲ್ಲ, ಇಲ್ಲ. ಎಲ್ಲಾ ತುಳುವಿನಲ್ಲಿ,” ಎಂದ ಕಾಂತಪ್ಪ.

ಹೊರಡುವಾಗ ಪಂಕಜಾ ಇನ್ನೊಂದು ಕೆಲಸ ಕೊಟ್ಟರು. ಹೆದರಿಕೆ ಬಂದ ಮೊದಲ ಹದಿನೈದು ನಿಮಿಷ ಏನು ಮಾಡುತ್ತೇನೆ ಎಂದು ಈಗಲೇ ಬರೆದು ಜೇಬಿನಲ್ಲಿಟ್ಟುಕೊಳ್ಳಬೇಕು. ಕಾಂತಪ್ಪ ಬಹಳ ಹೊತ್ತು ಯೋಚಿಸಿ, ‘ಹೆದರಿದ್ದು ಯಾವುದಕ್ಕೋ ಅದನ್ನೇ ಹೋಗಿ ನೋಡುವುದು’ ಎಂದು ಬರೆದ. ಬರೆದನೇ ಹೊರತು ನಂಬಿಕೆಯಿರಲಿಲ್ಲ. ಆರ್ಡರ್ ಚೀಟಿಗೆ ದೈವ ಹೆದರುತ್ತದೆಯೇ?

ಮರುದಿನ ಭಾನುವಾರ. ಮಧ್ಯಾಹ್ನದ ಬಿಡುವಿನಲ್ಲಿ ಮನೆಗೆ ಬಂದ. ಚಂಪಾ ಅಕ್ಕಿ ಆರಿಸುತ್ತಿದ್ದಳು. ಸೇವಂತಿ ನೆಲದ ಮೇಲೆ ಮಕಾಡೆ ಮಲಗಿ ಭಾರತದ ನಕ್ಷೆಗೆ ಬಣ್ಣ ಹಚ್ಚುತ್ತಿದ್ದಳು. ಕಾಂತಪ್ಪ ಚೀಟಿಗಳನ್ನು ಹೆಂಡತಿಯ ಮುಂದಿಟ್ಟು, ಎಂದಿನಂತೆ ತುಳುವಿನಲ್ಲಿ, ಕೂಟದಲ್ಲಿ ನಡೆದದ್ದನ್ನು ಹೇಳಿದ. ಚಂಪಾ ಬಿಳಿಚಿಕೊಂಡಳು. ಅಮ್ಮನಿಗೆ ಕಾಗದ ಬರೆಯೋಣ, ದೈವದ ಎದುರು ತಪ್ಪೊಪ್ಪಿಕೊಂಡು ಮಗುವಿನ ಮೇಲಿನದನ್ನು ಬಿಡಿಸಲಿ ಎಂದು ಅವಳೂ ತುಳುವಿನಲ್ಲೇ ಅಂದಳು.

ಆಗ ನೆಲದಿಂದ ಒಂದು ದನಿ ಬಂತು. ಇನ್ನು ಕುಡಿದರೆ ಈ ಮಗು ನನಗಿಲ್ಲ. ತುಳು. ಒಂದಕ್ಷರ ಹೆಚ್ಚುಕಡಿಮೆಯಿಲ್ಲ. ಸೇವಂತಿ ನಕ್ಷೆಯಿಂದ ತಲೆ ಎತ್ತಿರಲಿಲ್ಲ.

ಚಂಪಾಳ ಕೈಯಿಂದ ಮೊರ ಜಾರಿತು. ಕಾಂತಪ್ಪ ಮಗಳ ಪಕ್ಕ ಕುಕ್ಕರಗಾಲಲ್ಲಿ ಕುಳಿತ.

“ನಿನಗೆ… ನಿನಗೆ ತುಳು ಗೊತ್ತುಂಟಾ?”

“ಸಮಝ್ತಾ ಹೈ, ಪಪ್ಪಾ. ಮಾತಾಡ್ಲಿಕ್ಕೆ ಶರಮ್ ಆಗ್ತದೆ, ಅಷ್ಟೆ.” ಬಣ್ಣದ ಪೆನ್ಸಿಲು ಗುಜರಾತಿನ ಅಂಚಿನಲ್ಲಿ ನಿಂತಿತ್ತು. “ನೀವು ಪೀ ಕೇ ಬಂದ್ರೆ ನನಗೆ ವಾಸನೆ ಬರ್ತದೆ. ಆ ದಿನ ನಾನು ನಿದ್ದೆ ಮಾಡುದಿಲ್ಲ. ಮಲಗಿದ್ರೆ ಮರ್ ಜಾವೂಂಗಿ ಅಂತ.”

ನಾಲ್ಕು ವರ್ಷ! ಬೆಳಗ್ಗೆ ಅವಳು ತಡವಾಗಿ ಏಳುತ್ತಿದ್ದದ್ದು ಯಾವ ದಿನಗಳಲ್ಲಿ, ಯಾಕೆ ಎಂದು ಕಾಂತಪ್ಪನಿಗೆ ಈಗ ಹೊಳೆಯಿತು. ತಾನು ಬೆರಳಿಟ್ಟು ಉಸಿರು ನೋಡುತ್ತಿದ್ದದ್ದು, ಸಾವು ಬರುತ್ತದೆಂದು ಹೆದರಿ ರಾತ್ರಿಯೆಲ್ಲ ಎಚ್ಚರವಿದ್ದು ಬೆಳಗಿನ ಜಾವಕ್ಕೆ ಸುಸ್ತಾಗಿ ಕಣ್ಣು ಮುಚ್ಚಿದ ಕೂಸಿನದು. ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

“ಯಾಕೆ ಹೇಳ್ಲಿಲ್ಲ ಮಗಾ?” ಎಂದ.

“ಹೇಳಿದ್ರೆ ನಿಮಗೆ ಡರ್ ಆಗ್ತಿತ್ತಲ್ಲ. ಡರ್ ಆದ್ರೆ ನೀವು ಕುಡೀತೀರಿ.”

ಪಂಕಜಾ ಅಷ್ಟು ಓದಿ, ಹತ್ತು ವಾರದ ಚೀಟಿ ಹರಡಿ ಕಂಡುಹಿಡಿದದ್ದನ್ನು ಈ ಪುಟ್ಟ ಹುಡುಗಿ ನಾಲ್ಕು ವರ್ಷದಿಂದ ಒಬ್ಬಳೇ ತಿಳಿದುಕೊಂಡಿದ್ದಳು. ಅವಳು ಎದ್ದು ಬಂದು ಚೀಟಿಗಳನ್ನು ನೋಡಿದಳು. ತನ್ನ ಹೆಸರಿನ ಮೇಲೆ ಬೆರಳಿಟ್ಟಳು.

“ಇದನ್ನು ಕಾಟ್ ಮಾಡಿ.”

ಕಾಂತಪ್ಪ ಪೆನ್ಸಿಲು ತೆಗೆದುಕೊಂಡ. ಬದುಕಿರುವ ಮಗುವಿನ ಹೆಸರಿಗೆ ಅಪ್ಪನಾದವನು ಅಡ್ಡಗೆರೆ ಎಳೆಯುವುದೆಂದರೇನು! ಮೊನೆ ತಾಗುವ ಮೊದಲೇ ಪೆನ್ಸಿಲು ಹಿಂದೆಗೆದ. ಚಂಪಾ, ಬೇಡ ಬೇಡ ಎಂದು ಕಿರುಚಿದಳು. ಸೇವಂತಿ ಇಬ್ಬರ ಮುಖವನ್ನೂ ನೋಡಿ, ಪೆನ್ಸಿಲು ಕಸಿದುಕೊಂಡು, ನಾಲ್ಕನೆಯ ಕಾಲಮ್ಮಿಗೆ ಮೇಲಿನಿಂದ ಕೆಳಗಿನವರೆಗೆ ಗೀಚಿ, ಹೋಗಿ ಮತ್ತೆ ನಕ್ಷೆಯ ಮುಂದೆ ಮಲಗಿದಳು.

ಸೋಮವಾರ ಬೆಳಗ್ಗೆ ಅವಳು ಶಾಲೆಗೆ ಹೋದಳು. ಹತ್ತು ಗಂಟೆಯ ಹೊತ್ತಿಗೆ ಕಾವಲಿಯ ಮುಂದೆ ನಿಂತಿದ್ದ ಕಾಂತಪ್ಪನಿಗೆ ನಡುಕ ಹತ್ತಿತು. ಗೀಚಿದ ಆ ಹೆಸರೇ ಕಣ್ಣ ಮುಂದೆ. ಬೆಳಗ್ಗೆ ಕೆಮ್ಮಿದ್ದಳೇ? ರಸ್ತೆ ದಾಟುವಾಗ ಎರಡೂ ಕಡೆ ನೋಡುತ್ತಾಳೆಯೇ? ಹತ್ತೂಮುಕ್ಕಾಲಿಗೆ ಎರಡು ದೋಸೆ ಸೀದವು. ಹನ್ನೊಂದಕ್ಕೆ ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದ ಯಜಮಾನರಿಗೆ ಹೇಳಿ ಹೊರಬಿದ್ದ. ಬಾಗಿಲಲ್ಲಿ ಎಡಕ್ಕೆ ತಿರುಗಿದರೆ ಧಾರಾವಿಯ ಅಡ್ಡೆ, ಕಾಲಿಗೆ ಗೊತ್ತಿದ್ದ ದಾರಿ. ಕಾಲು ಎಡಕ್ಕೇ ಹತ್ತು ಹೆಜ್ಜೆ ಹಾಕಿತ್ತು ಕೂಡ. ಜೇಬಿನ ಚೀಟಿ ನೆನಪಾಯಿತು. ನಿಂತ. ಬಲಕ್ಕೆ ತಿರುಗಿ, ಹೆಚ್ಚುಕಡಿಮೆ ಓಡುತ್ತಲೇ ಶಾಲೆಯ ಗೇಟಿಗೆ ಬಂದ.

ಶಾಲೆ ಬಿಡುವುದು ಹನ್ನೆರಡೂವರೆಗೆ. ಅಲ್ಲಿಯವರೆಗೆ ಗೇಟಿನ ಸರಳು ಹಿಡಿದು ನಿಂತೇ ಇದ್ದ. ಗಂಟೆ ಬಾರಿಸಿದರು. ಎರಡು ಜಡೆಯ ಹುಡುಗಿಯರು ಒಂದೇ ಸಮನೆ ಹೊರಗೆ ನುಗ್ಗಿದರು. ಅವಳಲ್ಲ. ಅವಳಲ್ಲ. ಇವಳೂ ಅಲ್ಲ. ಗುಂಪು ಕರಗುತ್ತ ಬಂತು. ಕೊನೆಗೆ, ಬಿಚ್ಚಿದ ಲೇಸು ಕಟ್ಟಿಕೊಂಡು ನಿಧಾನವಾಗಿ ಬಂದಳು ಸೇವಂತಿ.

ಅಪ್ಪನನ್ನು ಕಂಡು ಅವಳು ಅಲ್ಲೇ ನಿಂತುಬಿಟ್ಟಳು. ಮುಖ ಸಣ್ಣದಾಯಿತು. ಹೊತ್ತಲ್ಲದ ಹೊತ್ತಿನಲ್ಲಿ ಅಪ್ಪ ಯಾಕೆ ಬಂದ ಎಂದು ಅವಳಿಗೂ ಹೆದರಿಕೆ. ಮೆಲ್ಲಗೆ ಹತ್ತಿರ ಬಂದು, ಕತ್ತೆತ್ತಿ, “ಉಸಿರು ಬಿಡಿ,” ಎಂದಳು.

ಅವನು ಬಗ್ಗಿ ಉಸಿರು ಬಿಟ್ಟ. ಅವಳು ಮೂಗರಳಿಸಿ ಮೂಸಿದಳು, ಮತ್ತೊಮ್ಮೆ ಮೂಸಿದಳು.

“ಬರೀ ದೋಸೆ,” ಎಂದು ಶಾಲೆಯ ಚೀಲವನ್ನು ಅವನ ಹೆಗಲಿಗೆ ನೇತುಹಾಕಿದಳು. ಕಾಂತಪ್ಪ ಸುಟ್ಟ ಗಾಯದ ಅಂಗೈಯನ್ನು ಅವಳ ತಲೆಯ ಮೇಲಿಟ್ಟ. ಕೈ ನಡುಗುತ್ತಲೇ ಇತ್ತು, ತೆಗೆಯಲಿಲ್ಲ.