ಜಟ್ಟಪ್ಪನ "ಆತು"

ಜಟ್ಟಪ್ಪ ಮೊಗೇರ ತೀರಿಕೊಂಡು ಇವತ್ತಿಗೆ ಹದಿಮೂರು ದಿನ. ಭಟ್ಕಳದ ಬಂದರಿನಲ್ಲಿ ಬಂಗುಡೆ ಮೀನುಗಳ ಉದ್ದ, ತೂಕ ಅಳೆದು, ಗ್ರಾಫ್ ಹಾಳೆಯಲ್ಲಿ ಚುಕ್ಕೆಯಿಟ್ಟು, ಅವುಗಳ ನಡುವೆ ಬಾಗುಗೆರೆ ಎಳೆಯುವುದು ಅವನ ಸರ್ಕಾರಿ ಕೆಲಸ. ಎಳೆದ ಗೆರೆಯನ್ನು ಅವನಷ್ಟು ಅನುಮಾನದಿಂದ ನೋಡಿದವರನ್ನು ನಾನು ಕಾಣೆ. ಗೆರೆಗೂ ಚುಕ್ಕೆಗಳಿಗೂ ನೂರಕ್ಕೆ ತೊಂಬತ್ತೆಂಟು ಹೊಂದಿಕೆ ಎಂದು ಕಂಪ್ಯೂಟರು ಹೇಳಿದರೆ, "ಅದಕ್ಕೆಂತ ಗೊತ್ತು ಮಾರಾಯ, ಅದು ಮೀನು ಮುಟ್ಟಿ ನೋಡಿದ್ಯಾ?" ಎನ್ನುತ್ತಿದ್ದ. ದೋಣಿಯ ಹಲಗೆ ನೋಡುವ ಬಡಗಿಯಂತೆ ಹಾಳೆಯನ್ನು ಕಣ್ಣಿನ ಮಟ್ಟಕ್ಕೆ ಹಿಡಿಯುತ್ತಿದ್ದ. ಚುಕ್ಕೆಗಳು ಗೆರೆಯ ಮೇಲೂ ಕೆಳಗೂ ಚದುರಿದ್ದರೆ ಒಂದೇ ಮಾತು, "ಆತು." ಒಂದೇ ಕಡೆ ಗುಂಪುಗಟ್ಟಿದ್ದರೆ, ಮೀನು ಮಾರುವ ಕಮಲಿ "ಜಟ್ಟಪ್ಪಣ್ಣ, ನೀವು ಅಳೆಯೂದ್ರೊಳಗೆ ಮೀನು ಕೊಳೀತದೆ" ಎಂದು ಕೂಗಿದರೂ ಮತ್ತೆ ಅಳೆಯುತ್ತಿದ್ದ. ನನ್ನ ಮಗಳು ಧನ್ಯಾ ಕೂಸಾಗಿದ್ದಾಗ ವಯಸ್ಸಿಗೆ ತಕ್ಕ ತೂಕದ ಗೆರೆ ಅಚ್ಚಾಗಿದ್ದ ಅವಳ ಅಂಗನವಾಡಿಯ ಕಾರ್ಡನ್ನೂ ಹಾಗೆಯೇ ಹಿಡಿದು ನೋಡಿದ. ನಮ್ಮ ಮನೆಯವರೆಲ್ಲ ತೆಳ್ಳಗೇ ಎಂದು ನಾನು ನಕ್ಕೆ. "ಒಂದು ಚುಕ್ಕೆ ಗೆರೆಯಿಂದ ಕೆಳಗಿದ್ರೆ ನಗು. ನಾಲ್ಕೂ ಕೆಳಗೇ, ಅದೂ ತಿಂಗಳು ತಿಂಗಳು ಇಳೀತಾನೇ ಹೋಗಿದೆ. ಏಳು, ಡಾಕ್ಟ್ರ ಹತ್ರ ಹೋಗುವ." ಅವಳ ಹೃದಯದಲ್ಲಿದ್ದ ರಂಧ್ರ ಆ ವಾರವೇ ಗೊತ್ತಾಯಿತು. ಆಪರೇಷನ್ ಆದ ಮೇಲಿನ ಚುಕ್ಕೆಗಳನ್ನು ಪ್ರತಿ ತಿಂಗಳೂ ಬಂದು ಅವನೇ ಇಟ್ಟ. ಚುಕ್ಕೆ ಗೆರೆಯನ್ನು ಮುಟ್ಟಿದ ದಿನ, ಎಂದೂ ಒಂದೇ ಸಲ ಹೇಳುವವನು, "ಆತು, ಆತು" ಎಂದ.