ಫುಟ್‌ಪಾತಿನ ಮೇಲೆ ಮುಪ್ಪಾದ ಕಪ್ಪೆ

ನನ್ನ ತಮ್ಮನ ಕಪ್ಪೆಗಳು ಲಾರಿಗೆ ಸಿಕ್ಕಿ ಸಾಯುತ್ತಿದ್ದವು, ಇಲ್ಲವೇ ರಸ್ತೆ ದಾಟುತ್ತಿದ್ದವು. ನನ್ನ ಕಪ್ಪೆಗಳು ಮಾತ್ರ ಫುಟ್‌ಪಾತಿನ ಮೇಲೆ ನಿಂತು, ವಾಹನಗಳ ಅಂತರವನ್ನು ಲೆಕ್ಕ ಹಾಕುತ್ತ, ಚಿಕ್ಕಂದಿನ ನಮ್ಮ ಆ ಕಂಪ್ಯೂಟರ್ ಆಟದ ಅವಧಿ ಮುಗಿದು, ಒಂದು ಗಾಯವೂ ಇಲ್ಲದೆ ಸಾಯುತ್ತಿದ್ದವು. ಇದು ಆಟವಾಡುವ ದೋಷವಲ್ಲ, ಜಾಗರೂಕತೆ ಎಂದು ನಾನು ಆಗಲೂ ವಾದಿಸಿದ್ದೆ, ಈಗಲೂ ವಾದಿಸುತ್ತೇನೆ. ಆದರೆ ತಮ್ಮ ಈ ಸಂಗತಿಯನ್ನು ನಾಮಕರಣ, ಉಪನಯನ, ಗೃಹಪ್ರವೇಶ ಯಾವುದನ್ನೂ ಬಿಡದೆ ಎಲ್ಲ ಸಮಾರಂಭಗಳಲ್ಲೂ ಊಟದ ಪಂಕ್ತಿಯಲ್ಲಿ ಕುಳಿತು ವರ್ಣಿಸುತ್ತ ಬಂದಿದ್ದಾನೆ. “ನಮ್ಮಕ್ಕನ ಕಪ್ಪೆ ಲಾರಿಗೆ ಸಿಕ್ಕಿ ಸತ್ತಿದ್ದಲ್ಲ ಕಣ್ರೀ, ವಯಸ್ಸಾಗಿ ಸತ್ತಿದ್ದು!” ಎನ್ನುವ ಹೊತ್ತಿಗೆ ಬಡಿಸುವವರೂ ಸೌಟು ಹಿಡಿದು ನಿಂತುಬಿಡುತ್ತಾರೆ.

ಈ ವರ್ಷ ನನ್ನ ಮಗಳ ನಿಶ್ಚಿತಾರ್ಥ ಗೊತ್ತಾಯಿತು. ಬೀಗರಾಗುವವರು ಗಂಭೀರ ಸ್ವಭಾವದವರು. ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವಳೆಂದು ತಿಳಿದ ಮೇಲೆ ನನ್ನೊಡನೆ ಪೂರ್ಣ ವಾಕ್ಯಗಳಲ್ಲಿ ಮಾತನಾಡುತ್ತಿದ್ದರು. ಅವರ ಮುಂದೆ ಕಪ್ಪೆಯ ಕಥೆ ಬರಬಾರದೆಂದು ತಮ್ಮನಿಗೆ ಫೋನಿನಲ್ಲಿ ಸ್ಪಷ್ಟವಾಗಿ ತಿಳಿಸಿದೆ.

“ಒಂದ್ ಕೆಲ್ಸ ಮಾಡು,” ಎಂದ. “ಆ ಹಳೇ ಕಂಪ್ಯೂಟರ್ ನಿನ್ ಅಟ್ಟದ ಮೇಲೇ ಇದೆಯಲ್ಲ? ಭಾನುವಾರ ಬರ್ತೀನಿ. ನನ್ ಕಣ್ಣೆದುರಿಗೆ ಒಂದೇ ಒಂದ್ ಸಲ ರಸ್ತೆ ದಾಟಿ ತೋರಿಸು. ಇನ್ಮೇಲೆ ಬಾಯಿ ಬಿಟ್ರೆ ಕೇಳು.”

ಆ ಕಂಪ್ಯೂಟರ್ ನಾವು ಯಶವಂತಪುರದಲ್ಲಿದ್ದಾಗ ದೊಡ್ಡಪ್ಪ ವಿದೇಶದಿಂದ ತಂದುಕೊಟ್ಟದ್ದು. ಕಂಪ್ಯೂಟರೆಂದರೆ ಬರಿಯ ಕೀಲಿಮಣೆ. ಅದನ್ನು ಟೀವಿಗೂ ಟೇಪ್‌ರೆಕಾರ್ಡರಿಗೂ ಜೋಡಿಸಿ, ಆಟದ ಕ್ಯಾಸೆಟ್ ಹಾಕಬೇಕು. ಕ್ಯಾಸೆಟ್ಟು ಕರ್ಕಶವಾಗಿ ಕಿರುಚುತ್ತ ಓಡಿ ಮುಗಿದ ಮೇಲೆ ಟೀವಿಯಲ್ಲಿ ಆಟ ಮೂಡುತ್ತಿತ್ತು. ಎಷ್ಟೋ ದಿನ ಮೂಡುತ್ತಲೇ ಇರಲಿಲ್ಲ. ಕಾರಣ ತಿಳಿಯದ ನಾವು ಅದಕ್ಕೊಂದು ವಿಧಿಯನ್ನು ಬೆಳೆಸಿಕೊಂಡಿದ್ದೆವು. ಟೇಪ್‌ರೆಕಾರ್ಡರನ್ನು ಮಣೆಯ ಮೇಲೆ ಪೂರ್ವಾಭಿಮುಖವಾಗಿ ಇಡುವುದು. ಅಡುಗೆಮನೆಯಲ್ಲಿ ಮಿಕ್ಸಿ ನಿಷಿದ್ಧ. ಆಟ ಮೂಡುವವರೆಗೆ ಕೆಮ್ಮುವುದೂ ನಿಷಿದ್ಧ. ಕೆಮ್ಮು ಬಂದ ಅಪ್ಪ ಬೀದಿಗೆ ಹೋಗಿ ಕೆಮ್ಮಿ ಬರುತ್ತಿದ್ದರು.

ಶನಿವಾರವೇ ಎಲ್ಲವನ್ನೂ ಅಟ್ಟದಿಂದ ಇಳಿಸಿ ಸಿದ್ಧತೆಗೆ ತೊಡಗಿದೆ. ಧೂಳಿನ ಸಾಮಾನಿನಲ್ಲಿ ಕೆಲಸ ಆರಂಭಿಸುವುದು ನನ್ನ ಪದ್ಧತಿಯಲ್ಲ. ಹತ್ತಿ, ಸ್ಪಿರಿಟ್ಟು, ಹಳೆಯ ಹಲ್ಲುಜ್ಜುವ ಬ್ರಷ್ಷು ಹಿಡಿದು ಕೀಲಿಗಳ ಸಂದುಗೊಂದುಗಳನ್ನೆಲ್ಲ ತಿಕ್ಕಿದೆ. ಅಮ್ಮ ಪ್ರತಿ ಆಯುಧಪೂಜೆಗೂ ಮನೆಯ ಸಕಲ ಯಂತ್ರಗಳಿಗೂ ಕುಂಕುಮ ಇಡುವವಳು. ಓಡದ ಯಂತ್ರಗಳಿಗೂ ರಿಯಾಯಿತಿ ಇಲ್ಲ. ಟೇಪ್‌ರೆಕಾರ್ಡರಿನ ವಾಲ್ಯೂಮ್ ತಿರುಪಿನ ಅಂಚಿನಲ್ಲೊಂದು, ಅದರ ಪಕ್ಕದಲ್ಲಿ ಪೆಟ್ಟಿಗೆಯ ಮೇಲೊಂದು ಬೊಟ್ಟು ದಪ್ಪಗೆ ಗಟ್ಟಿಕಟ್ಟಿದ್ದವು. ಅವನ್ನೂ ಶ್ರದ್ಧೆಯಿಂದ ಕೆರೆದು ತೆಗೆದೆ. ಸಂಜೆ ಪುಟ್ಟೇನಹಳ್ಳಿ ಕೆರೆಯ ಸುತ್ತ ನಡೆಯುವಾಗ ಆ ಹೊಳಪು ನೆನೆದು ಹೆಮ್ಮೆಯೂ ಆಯಿತು.

ಭಾನುವಾರ ತಮ್ಮ ಚಿಕ್ಕಬಾಣಾವರದಿಂದ ಬಂದ. ಟೇಪ್‌ರೆಕಾರ್ಡರಿಗೆ ಹೊಸ ಬೆಲ್ಟು ಹಾಕಿದ. ಅಮ್ಮನ ಕೋಣೆಯ ಡಬ್ಬದಂಥ ಹಳೆಯ ಟೀವಿಯನ್ನು ಇಬ್ಬರೂ ಹೊತ್ತು ತಂದೆವು. ಮಣೆ ಇಟ್ಟು, ಮೊಬೈಲಿನ ದಿಕ್ಸೂಚಿ ನೋಡಿ ಪೂರ್ವವನ್ನು ಖಚಿತಪಡಿಸಿಕೊಂಡು, ಕ್ಯಾಸೆಟ್ ಓಡಿಸಿದೆವು. ಟೀವಿಯ ಅಂಚಿನಲ್ಲಿ ಬಣ್ಣದ ಪಟ್ಟೆಗಳು ಕುಣಿದವು. ಇಬ್ಬರೂ ಉಸಿರು ಬಿಗಿಹಿಡಿದೆವು. ಪಟ್ಟೆಗಳು ನಿಂತವು, ಆಟ ಮೂಡಲಿಲ್ಲ. ಮತ್ತೆ ಹಾಕಿದೆವು, ಮತ್ತೆ ಇಲ್ಲ.

“ನೀನ್ ಕೆಮ್ಮಿದೆ,” ಎಂದ ತಮ್ಮ.

“ಕೆಮ್ಮಲಿಲ್ಲ. ಗಂಟಲು ಸರಿಮಾಡಿಕೊಂಡೆ.”

“ದಾಟಕ್ಕಾಗಲ್ಲ ಅಂತ ಬೇಕಂತ್ಲೇ ಕೆಡಿಸಿದ್ದೀಯ ನೀನು. ಮೇಡಂ ಮೋಸ! ಇದನ್ನೂ ಸೇರಿಸ್ಕೊಂಡು ಹೇಳ್ತೀನಿ ಬೀಗರಿಗೆ.”

ನಾನು ಕ್ಯಾಸೆಟ್ಟನ್ನು ಮತ್ತೆ ಹಿಂದಕ್ಕೆ ಸುತ್ತತೊಡಗಿದೆ. ಅಷ್ಟರಲ್ಲಿ ಅಮ್ಮ ಒದ್ದೆಗೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಅಡುಗೆಮನೆಯಿಂದ ಬಂದು, ಟೇಪ್‌ರೆಕಾರ್ಡರನ್ನು ಬಗ್ಗಿ ನೋಡಿದಳು.

“ಬೊಟ್ಟೆಲ್ಲಿ?”

“ಯಾವ ಬೊಟ್ಟು? ಕೊಳೆಯಾಗಿತ್ತು, ತೆಗೆದೆ.”

“ಅಯ್ಯೋ ನಿನ್ ಕ್ಲೀನಿಗಿಷ್ಟು! ಆ ಬೊಟ್ಟಿಗೆ ಈ ಬೊಟ್ಟು ಕೂಡ್ಸುದ್ರೇನೇ ಆಟ ಬರೋದು. ಸೌಂಡ್ ಅಲ್ಲಿಗ್ ನಿಲ್ಬೇಕು. ಅಪ್ಪ ವಾರ್ತೆ ಕೇಳೋಕ್ ತಿರುಗಿಸಿಬಿಡ್ತಿದ್ರು ಅಂತ ಗುರ್ತು ಮಾಡಿದ್ದೆ. ಹಾಕು ಕ್ಯಾಸೆಟ್ಟು.”

ಕ್ಯಾಸೆಟ್ಟು ಕಿರುಚತೊಡಗಿತು. ಅಮ್ಮ ಕಣ್ಣು ಮುಚ್ಚಿ, ತಿರುಪನ್ನು ಕೂದಲೆಳೆಯಷ್ಟು ಅತ್ತ, ಕೂದಲೆಳೆಯಷ್ಟು ಇತ್ತ ತಿರುಗಿಸಿದಳು. “ಒಗ್ಗರಣೇಲಿ ಸಾಸಿವೆ ಸಿಡಿಯೋ ಹಂಗ್ ಕೇಳ್ಬೇಕು… ಇನ್ನೂ ಹಸಿ… ಹಾಂ, ಸಿಡೀತು. ಮೊದ್ಲಿಂದ ಹಾಕು.” ಕುಂಕುಮದ ಭರಣಿ ತರಿಸಿ, ಹಳೆಯ ಜಾಗಗಳಲ್ಲೇ ಬೊಟ್ಟುಗಳನ್ನು ಮತ್ತೆ ಇಟ್ಟಳು.

ಆಟ ಮೂಡಿತು. ಅದೇ ಕಪ್ಪು ರಸ್ತೆ, ಇಟ್ಟಿಗೆಯಂಥ ಲಾರಿಗಳು, ಕೆಳಗೆ ಹಸಿರು ಚುಕ್ಕೆಯಂಥ ಕಪ್ಪೆ. ನಾವಿಬ್ಬರೂ ಕೀಲಿಮಣೆಗೆ ಕೈ ಚಾಚುವಷ್ಟರಲ್ಲಿ ಅಮ್ಮ ಚಾಪೆ ಎಳೆದುಕೊಂಡು ಅದರ ಮುಂದೆ ಕುಳಿತೇಬಿಟ್ಟಳು.

“ಹೋಗಪ್ಪ, ಮೊದ್ಲು ನೀನ್ ಹೋಗು,” ಎಂದು ಒಂದು ಲಾರಿಗೆ ದಾರಿ ಬಿಟ್ಟಳು. “ನೀನ್ಯಾಕೋ ಹಿಂಗ್ ನುಗ್ತೀಯ, ಮನೇಲ್ ಹಾಲುಕ್ಕುತ್ತಾ?” ಎಂದು ಇನ್ನೊಂದಕ್ಕೆ ಗದರಿದಳು. ಕಪ್ಪೆ ರಸ್ತೆ ದಾಟಿತು. ಇನ್ನೊಂದು ಬಂತು, ಅದೂ ದಾಟಿತು.

“ಅಮ್ಮಾ, ನೀನ್ ಯಾವಾಗ ಕಲ್ತೆ ಇದನ್ನ?” ತಮ್ಮನ ಬಾಯಿ ತೆರೆದೇ ಇತ್ತು.

“ನೀವು ಸ್ಕೂಲಿಗ್ ಹೋದ್ಮೇಲೆ ಮನೇಲ್ ಇನ್ಯಾರಿದ್ರು? ನಾನು, ಕಪ್ಪೆ.”

ಬಳಿಕ ನನ್ನ ಸರದಿ. ಬೆನ್ನು ನೆಟ್ಟಗೆ ಮಾಡಿ ಕುಳಿತೆ. ಲಾರಿಗಳ ವೇಗವನ್ನು ಗಮನಿಸಿದೆ. ಮೂರನೆಯ ಸಾಲಿನ ಲಾರಿಗಳಿಗೂ ಎರಡನೆಯ ಸಾಲಿನವಕ್ಕೂ ಇರುವ ಸಂಬಂಧ ಇನ್ನೇನು ಸ್ಪಷ್ಟವಾಗುವುದರಲ್ಲಿತ್ತು. ಅಷ್ಟರಲ್ಲಿ ಅವಧಿ ಮುಗಿದು ಕಪ್ಪೆ ಪ್ರಶಾಂತವಾಗಿ ಕಣ್ಮರೆಯಾಯಿತು.

ತಮ್ಮ ಚಾಪೆಯ ಮೇಲೆ ಹೊರಳಾಡಿ ನಕ್ಕ. “ವಯಸ್ಸಾಗೇ ಸತ್ತಿದ್ದು! ಗೊರಗುಂಟೆಪಾಳ್ಯದ ಸಿಗ್ನಲ್ ಹತ್ರ ರಸ್ತೆ ದಾಟು ಅಂತ ನಿಲ್ಸಿದ್ರೆ ಇವ್ಳು ಅಲ್ಲೇ ಮನೆ ಕಟ್ಕೊಂಡ್ಬಿಡ್ತಾಳೆ. ಬೀಗರಿಗೆ ಹೇಳ್ದೆ ಬಿಡಲ್ಲ!”

“ಹೇಳು,” ಎಂದಳು ಅಮ್ಮ. “ನೀನ್ ಹೇಳಿದ್ಮೇಲೆ ನಾನೂ ಒಂದ್ ಕಥೆ ಹೇಳ್ತೀನಿ. ಪರೀಕ್ಷೆ ಬಂದ್ರೆ ಆ ತಿರುಪನ್ನ ನಾನೇ ತಿರುಗಿಸಿಡ್ತಿದ್ದೆ, ಓದ್ಕೊಳ್ಲಿ ಅಂತ. ಆಟ ಬರ್ಲಿಲ್ಲ ಅಂತ ನೀನೇನ್ ಮಾಡ್ದೆ? ಅಕ್ಕ ಟ್ಯೂಷನ್ನಿಗ್ ಹೋಗಿದ್ಲು. ಬೆಳಿಗ್ಗೆ ತಣ್ಣೀರ್ ಸ್ನಾನ ಮಾಡಿ, ಒದ್ದೆ ಟವೆಲ್ ಸುತ್ಕೊಂಡು, ಕೈ ಮುಗ್ದು, ಟೇಪ್‌ರೆಕಾರ್ಡರಿಗೆ ಪ್ರದಕ್ಷಿಣೆ ಹಾಕ್ದೆ. ಟವೆಲ್ ಬಿಚ್ಚಿ ಬಿದ್ರೂ ಹಾಕ್ದೆ.”

ತಮ್ಮ ಹೊರಳಾಡುವುದನ್ನು ನಿಲ್ಲಿಸಿದ. ನಾನು ಅಷ್ಟು ವರ್ಷಗಳ ಪಂಕ್ತಿಭೋಜನಗಳನ್ನು ಒಂದೊಂದಾಗಿ ನೆನೆಯುತ್ತ, ಸಾವಕಾಶವಾಗಿ, ಸಂಪೂರ್ಣವಾಗಿ ನಕ್ಕೆ.

ನಿಶ್ಚಿತಾರ್ಥದ ಊಟದಲ್ಲಿ ಬೀಗರು ಸೌಜನ್ಯದಿಂದ, “ಬಾಲ್ಯದಲ್ಲಿ ಅಕ್ಕ, ತಮ್ಮ ಇಬ್ಬರೂ ಏನು ಆಟ ಆಡುತ್ತಿದ್ದಿರಿ?” ಎಂದು ಕೇಳಿದರು. ತಮ್ಮ ಅಭ್ಯಾಸಬಲದಿಂದ ಬಾಯಿ ತೆರೆದ. ಎದುರಿನ ಸಾಲಿನಲ್ಲಿ ಕುಳಿತಿದ್ದ ಅಮ್ಮ ಕೈ ತೊಳೆಯಲು ಇಟ್ಟಿದ್ದ ನೀರಿನಲ್ಲಿ ತನ್ನ ಕರವಸ್ತ್ರವನ್ನು ಅದ್ದಿ, ಅವನನ್ನೇ ನೋಡುತ್ತ, ನಿಧಾನವಾಗಿ ಹಿಂಡಿದಳು.

“ಹೋಳಿಗೆ ತುಂಬಾ ಚೆನ್ನಾಗಿದೆ,” ಎಂದ ತಮ್ಮ. “ಇನ್ನೊಂದ್ ಹಾಕ್ರಿ.”