ಶವಪೆಟ್ಟಿಗೆ ಅಂಗಡಿಗೊಂದು ಲೋಗೋ

ಅವರ ಹುಬ್ಬಿನಲ್ಲಿ ಯಾವಾಗಲೂ ಮರದ ಹುಡಿ ಇರುತ್ತಿತ್ತು. ಹುಬ್ಬೇರಿಸಿದಾಗಲೆಲ್ಲ ಅದು ಉದುರಿ ನನ್ನ ಕೀಬೋರ್ಡಿನ ಸಂದಿಗೆ ಸೇರುತ್ತಿತ್ತು. ನನ್ನ ಕೆಲಸ ನೋಡಿ ಅವರು ಹುಬ್ಬೇರಿಸದ ದಿನವೇ ಇರಲಿಲ್ಲ. ಆ ಕೀಬೋರ್ಡ್ ಇವತ್ತಿಗೂ ಸರಿಯಿಲ್ಲ.

ಕಲೂರಿನಲ್ಲಿ ಅವರದು ಶವಪೆಟ್ಟಿಗೆಯ ಅಂಗಡಿ. ಅಲ್ಲಿ ಮಲಯಾಳಿಗಳು ಹಿರಿಯ ಕ್ರೈಸ್ತರನ್ನು ಕರೆಯುವ ರೂಢಿಯಂತೆ ನಾನೂ ‘ಅಚ್ಚಾಯ’ ಎನ್ನುತ್ತಿದ್ದೆ. ಹರೆಯದಲ್ಲಿ ಮಂಗಳೂರಿನ ಮರದ ಮಿಲ್ಲಿನಲ್ಲಿ ದುಡಿದವರು. ಪಕ್ಕದ ಪಾಲಾರಿವಟ್ಟಂನ ನಮ್ಮ ಡಿಸೈನ್ ಆಫೀಸಿನಲ್ಲಿ ಮಂಗಳೂರಿನವನೊಬ್ಬನಿದ್ದಾನೆ ಎಂದು ತಿಳಿದದ್ದೇ ತಡ, ನೇರವಾಗಿ ನನ್ನ ಮೇಜಿಗೆ ಬಂದು ವಕ್ಕರಿಸಿದರು. ಅವರ ಮಗಳು ತಿರುವನಂತಪುರದಲ್ಲಿ ಎರಡನೆಯ ಅಂಗಡಿ ತೆರೆಯುವವಳಿದ್ದಳು. ಹೆಣ್ಣುಮಗಳ ಹತ್ತಿರ ಪೆಟ್ಟಿಗೆ ಕೊಳ್ಳಲು ಯಾರು ಬರುತ್ತಾರೆ ಎಂದು ನೆಂಟರೆಲ್ಲ ಹೆದರಿಸಿಟ್ಟಿದ್ದರು. ಇದು ಅಪ್ಪನ ಅಂಗಡಿಯೇ ಎಂದು ನೋಡಿದ ಕೂಡಲೇ ತಿಳಿಯುವಂಥ ಗುರುತೊಂದು ಅವಳಿಗೆ ಬೇಕಿತ್ತು.

ಒಂದು ವಾರದ ಕೆಲಸ ಎಂದುಕೊಂಡೆ. ಮಳೆಗಾಲ ಪೂರ್ತಿ ಹೋಯಿತು.

ಶಿಲುಬೆ ಬರೆದೆ. "ಹೆಣ ಕೆಡದ ಹಾಗೆ ಇಡುವ ನಮ್ಮ ಫ್ರೀಜರ್ ಪೆಟ್ಟಿಗೆ ಹಿಂದೂಗಳ ಮನೆಗೂ ಹೋಗ್ತದೆ ಮೋನೆ" ಎಂದರು. ಮಗನೇ ಎನ್ನುವ ಹಾಗೆ ನನ್ನನ್ನು ಅವರು ‘ಮೋನೆ’ ಎನ್ನುತ್ತಿದ್ದರು. ಪಾರಿವಾಳ ಬರೆದರೆ ಅದು ಟ್ರಾವೆಲ್ಸಿನವರದ್ದಂತೆ, ಲಿಲ್ಲಿ ಹೂವು ಬ್ಯೂಟಿ ಪಾರ್ಲರಿನದಂತೆ. ಕೊನೆಗೆ ಇಡೀ ಆಫೀಸು ಹೊಗಳಿದ ಒಂದನ್ನು ಮುಂದಿಟ್ಟೆ. ಹುಬ್ಬು ಮೇಲೇರಿತು, ಹುಡಿ ಉದುರಿತು.

"ಚಂದ ಉಂಟು. ಅದೇ ತೊಂದರೆ. ಇದು ನೆನಪಲ್ಲಿ ಉಳೀತದೆ."

ನನಗೆ ಪಿತ್ತ ನೆತ್ತಿಗೇರಿತು. "ಲೋಗೋ ಇರೂದೇ ನೆನಪಲ್ಲಿ ಉಳೀಲಿಕ್ಕಲ್ವಾ ಅಚ್ಚಾಯಾ?"

"ನನ್ನ ಅಂಗಡಿ ಯಾರಿಗೂ ನೆನಪಿರಬಾರ್ದು ಮಾರಾಯ. ಬೇಕಾದ ದಿನ ಮಾತ್ರ ಕಣ್ಣಿಗೆ ಬೀಳ್ಬೇಕು."

ಇಂಥ ಗಿರಾಕಿಯನ್ನು ಕಟ್ಟಿಕೊಂಡು ಯಾವ ಡಿಸೈನರ್ ಉದ್ಧಾರವಾದಾನು? ಆದರೆ ಅವರ ರೀತಿಯೇ ಹಾಗೆ. ಅಂಗಡಿಯಿಂದ ಹೊರಟವರಿಗೆ "ಮತ್ತೆ ಬನ್ನಿ" ಎನ್ನುವಂತಿಲ್ಲ. ಪೆಟ್ಟಿಗೆ ಒಯ್ದವರು ದಾರಿಯಲ್ಲಿ ಸಿಕ್ಕರೆ ಅಚ್ಚಾಯ ತಾವೇ ಮೊದಲು ಮುಖ ತಿರುಗಿಸುತ್ತಿದ್ದರು. ತಮ್ಮನ್ನು ಕಂಡರೆ ಅವರಿಗೆ ಆ ದಿನ ನೆನಪಾಗುತ್ತದೆ ಎಂದು. ಪೆಟ್ಟಿಗೆಯ ಮೇಲೂ ಅಂಗಡಿಯ ಹೆಸರಿಲ್ಲ. "ಕೊಟ್ಟ ಮೇಲೆ ಅದು ಅವರದ್ದು, ನನ್ನದಲ್ಲ" ಎನ್ನುತ್ತಿದ್ದರು.

ಒಂದು ಭಾನುವಾರ ನನ್ನನ್ನು ರೈಲು ಹತ್ತಿಸಿ ತಿರುವನಂತಪುರಕ್ಕೆ ಎಳೆದುಕೊಂಡು ಹೋದರು. ಮಗಳ ಅಂಗಡಿ ದೊಡ್ಡ ಆಸ್ಪತ್ರೆಯ ಗೇಟಿನ ಎದುರಿಗೇ ಇತ್ತು. ಇಂಥ ಜಾಗ ಸಿಕ್ಕಿರುವಾಗ ಹೆಂಚಿನ ಮಾಡಿನ ಮೇಲೆ ದೊಡ್ಡ ಬೋರ್ಡು ಹಾಕೋಣ ಎಂದೆ. ಅಚ್ಚಾಯ ನನ್ನ ಗದ್ದ ಹಿಡಿದು ಮೇಲಕ್ಕೆತ್ತಿದರು. ಎರಡನೆಯ ಮಹಡಿಯ ವಾರ್ಡಿನ ಕಿಟಕಿಯಲ್ಲಿ ಒಬ್ಬಳು ಹೆಂಗಸು ಕಿತ್ತಳೆ ಸುಲಿಯುತ್ತ ರಸ್ತೆ ನೋಡುತ್ತಿದ್ದಳು.

"ಅವಳಿಗೆ ಕಾಣ್ಬಾರ್ದು. ಗೇಟಿಂದ ಅಳ್ತಾ ಹೊರಗೆ ಬರುವವನಿಗೆ ಕಾಣ್ಬೇಕು. ಕಣ್ಣಲ್ಲಿ ನೀರಿದ್ರೂ ಗೊತ್ತಾಗ್ಬೇಕು."

ಬೋರ್ಡು ಮಾಡಿನ ಕೆಳಗೆ, ಚಿಕ್ಕದಾಗಿ ಎಂದಾಯಿತು. ಅದರಲ್ಲಿ ಏನಿರಬೇಕೆಂಬುದು ಮಾತ್ರ ಹಾಗೇ ಉಳಿಯಿತು. ವಾಪಸು ಬರುವಾಗ ರೈಲಿನಲ್ಲೂ ನನ್ನ ಸಿಟ್ಟು ಇಳಿದಿರಲಿಲ್ಲ. ಎಣ್ಣೆಯಲ್ಲಿ ಕರಿದ ಬಾಳೆಹಣ್ಣಿನ ಪೋಡಿ ಕಟ್ಟಿಕೊಟ್ಟ ಕಾಗದದ ಮೇಲೆ, ಪೆಟ್ಟಿಗೆಯ ಬದಿಯಲ್ಲಿರುವ ಹಿಡಿಕೆಯೊಂದನ್ನು ಗೀಚಿ ಅವರ ಮಡಿಲಿಗೆ ಎಸೆದೆ.

"ತಕ್ಕೊಳ್ಳಿ. ಇನ್ನು ನನ್ನತ್ರ ಎಂತದೂ ಇಲ್ಲ."

ಅವರು ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಹುಬ್ಬು ಏರಲಿಲ್ಲ. "ಇದು ಆಗ್ತದೆ" ಎಂದರು. ನಾನು ಉಸಿರು ಬಿಡುವಷ್ಟರಲ್ಲಿ, "ಸ್ವಲ್ಪ ದಪ್ಪ ಮಾಡು" ಎಂದರು.

ದಪ್ಪ ಮಾಡಿದೆ. ಇನ್ನೂ ಸ್ವಲ್ಪ ಎಂದರು. ಮತ್ತೆ ಮಾಡಿದೆ. ಬೋರ್ಡು ಅಚ್ಚಿಗೆ ಹೋಗುವ ದಿನವೂ ಫೋನು: "ಸಪೂರ ಆಯ್ತು ಮೋನೆ. ಕೈ ಕೊಯ್ತದೆ."

ನಾನು ಕಿರುಚಿಯೇಬಿಟ್ಟೆ. "ಅದು ಚಿತ್ರ ಅಚ್ಚಾಯಾ! ಅದನ್ನು ಯಾರು ಹಿಡೀಲಿಕ್ಕೆ ಬರ್ತಾರೆ?"

"ಆದ್ರೂ ದಪ್ಪ ಮಾಡು."

ಮಾಡಿಕೊಟ್ಟೆ. ಮಗಳ ಅಂಗಡಿಗೆ ಜನ ಬಂದರು. ನೆಂಟರ ಬಾಯಿ ಮುಚ್ಚಿತು. ಅಚ್ಚಾಯ ಮೆಚ್ಚಿ ಒಂದು ಮಾತು ಆಡಿದ್ದರೆ ಕೇಳಿ. ಬೋರ್ಡಿನ ಎಡಗಡೆ ಕೂದಲೆಳೆಯಷ್ಟು ತಗ್ಗಿದೆ ಎಂದು ಹೇಳಲು ಫೋನು ಮಾಡಿದ್ದರು, ಅಷ್ಟೆ.

ಕಳೆದ ಮಳೆಗಾಲದಲ್ಲಿ ಅವರು ಹೋದರು. ಮಗಳು ತನ್ನ ಅಂಗಡಿಯಿಂದ ತಾನೇ ಪೆಟ್ಟಿಗೆ ತಂದಿದ್ದಳು. ಅದರ ಮೇಲೆ ಹೆಸರಿರಲಿಲ್ಲ. ಇಗರ್ಜಿಯ ಗೇಟಿನಲ್ಲಿ ಅವಳು ನನ್ನತ್ತ ನೋಡಿ, ಒಂದು ಕಡೆ ನೀವು ಹಿಡಿಯಿರಿ ಎಂದು ಮಲಯಾಳದಲ್ಲಿ ಹೇಳಿದಳು.

ಹಿಡಿದೆ. ಮರದ ಹಿಡಿಕೆ, ಮುಷ್ಟಿ ತುಂಬುವಷ್ಟು ದಪ್ಪ. ಮಳೆಯಲ್ಲಿ ನೆನೆದರೂ ಜಾರಲಿಲ್ಲ. ಅಷ್ಟು ಭಾರ ಹೊತ್ತು ಗುಂಡಿಯವರೆಗೆ ನಡೆದರೂ ಕೈ ಕೊಯ್ಯಲಿಲ್ಲ. ನನಗೆ ಅಳುವಿಗಿಂತ ಮೊದಲು ಸಿಟ್ಟು ಬಂತು. ನೀವು ಹೇಳಿದ್ದೇ ಸರಿ ಅಚ್ಚಾಯಾ ಎಂದು ಒಂದು ಸಲ ಒಪ್ಪಿಕೊಳ್ಳೋಣವೆಂದರೆ, ಕೇಳಿ ಹುಬ್ಬೇರಿಸಬೇಕಾದವರು ಒಳಗೆ ಮಲಗಿದ್ದರು.